ಒಂದು ಸೆಕೆಂಡ್ ಮೊದಲೇ ಒತ್ತಬೇಕಾದ ಪೆಡಲ್

ಪೋರ್ಷೆ 962ಸಿ ಎಂಬ ರೇಸ್ ಕಾರನ್ನು ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನ ಅಣಕು ಓಟದಲ್ಲಿ, ಮೊದಲ ಸಲ ಓಡಿಸುವವರು ಬಹುತೇಕ ಒಂದೇ ರೀತಿ ಎಡವುತ್ತಾರೆ. ತಿರುವಿನ ಒಳ ಅಂಚು ಮುಟ್ಟುವವರೆಗೆ ಕಾದು ಆಕ್ಸಿಲರೇಟರ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಇನ್ನಷ್ಟು ಒತ್ತುತ್ತಾರೆ. ಆಮೇಲೆ, ಸ್ಟಿಯರಿಂಗ್ ಇನ್ನೂ ನೇರವಾಗುವ ಮುಂಚೆಯೇ, ಸುಮಾರು 620 ಅಶ್ವಶಕ್ತಿ ಒಮ್ಮೆಲೇ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಕಾರು ಗಿರ್ರನೆ ತಿರುಗಿ ಹುಲ್ಲಿನ ಮೇಲೆ ನಿಲ್ಲುತ್ತದೆ.

1982ರಲ್ಲಿ ಗ್ರೂಪ್ ಸಿ ಎಂಬ ದೀರ್ಘ ದೂರದ ಓಟದ ವರ್ಗಕ್ಕೆ ಬಂದ ಪೋರ್ಷೆ 956, ಅದರ ಬೆನ್ನಿಗೆ ಬಂದ 962ಸಿ – ಎರಡರದ್ದೂ ಮೊದಲಿಗೆ ಒಂದೇ ಬಗೆಯ ಎಂಜಿನ್: ಆರು ಸಿಲಿಂಡರ್, 2.65 ಲೀಟರ್, ಎರಡು ಟರ್ಬೊ. ಟರ್ಬೊದಲ್ಲಿ ಎಂಜಿನ್ ಹೊರಗೆ ಉಗುಳುವ ಬಿಸಿ ಅನಿಲ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೀಗೆ ಸಿಗುವ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದು 1.2 ಬಾರ್ ಎಂದರೆ ಒಳಗಿನ ಒತ್ತಡ ವಾತಾವರಣದ 2.2 ಪಟ್ಟು. ಹಾಗೆ ಒತ್ತಿದಾಗ 27 ಡಿಗ್ರಿಯ ಗಾಳಿ 130 ಡಿಗ್ರಿಯ ಹತ್ತಿರಕ್ಕೆ ಕಾಯುತ್ತದೆ, ಆದ್ದರಿಂದ ನಡುವೆ ಅದನ್ನು ತಣಿಸುವ ಇಂಟರ್‌ಕೂಲರ್ ಬೇಕೇ ಬೇಕು. ಇಷ್ಟು ಒತ್ತಡದಲ್ಲಿ ಪೆಟ್ರೋಲ್ ಅಕಾಲದಲ್ಲಿ ಸಿಡಿಯಬಾರದೆಂದು ಎಂಜಿನ್ನಿನ ಸ್ವಂತ ಸಂಪೀಡನ ಅನುಪಾತವನ್ನು (ಸಿಲಿಂಡರ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕ) ಕಡಿಮೆ, ಸುಮಾರು 7:1 ಇಟ್ಟಿದ್ದರು. ಬೂಸ್ಟ್ ಇಲ್ಲದಾಗ ಈ ಎಂಜಿನ್ ಸೋತಂತೆ ಕಾಣುವುದು ಅದಕ್ಕೇ.

ಬೂಸ್ಟ್ ತಡವಾಗಿ ಬರುವುದು ಟರ್ಬೊ ಚಕ್ರದ ಜಡತ್ವದಿಂದ. ತಿರುಗುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟು ಬೇಕು. ಎಂಜಿನ್ ನಿಧಾನವಾಗಿದ್ದಾಗ ಅನಿಲದ ಹರಿವೇ ಕಡಿಮೆ, ಆ ಶಕ್ತಿ ಎಲ್ಲಿಂದ ಬರಬೇಕು? ಅಸೆಟ್ಟೊ ಕೊರ್ಸಾ ಎಂಬ ಸಿಮ್ಯುಲೇಟರ್ ಭೌತಿಕ ಲೆಕ್ಕವನ್ನು ಸೆಕೆಂಡಿಗೆ 333 ಸಲ ಮಾಡುತ್ತದೆ. ಅದರಲ್ಲಿ ಬೂಸ್ಟ್ ಏರುವ ತಡಕ್ಕೆ ಒಂದು ಅಂಕಿ, ಇಳಿಯುವ ತಡಕ್ಕೆ ಇನ್ನೊಂದು ಅಂಕಿ ಇರುತ್ತದೆ. ಸರಳ ಲೆಕ್ಕ, ಆದರೂ ಕಾಲಿಗೆ ಕಲಿಸಬೇಕಾದ್ದನ್ನು ಚೆನ್ನಾಗಿಯೇ ಕಲಿಸುತ್ತದೆ.

ಆ ತಡವನ್ನು ಮೊದಲು ಅಳೆಯಿರಿ. ನೇರ ದಾರಿಯಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ನನ್ನು ನಿಮಿಷಕ್ಕೆ 4,000 ಸುತ್ತಿಗೆ ಇಳಿಸಿ, ಪೆಡಲ್ ಪೂರ್ತಿ ಒತ್ತಿ, ಬೂಸ್ಟ್ ಮಾಪಕ ತುತ್ತತುದಿ ಮುಟ್ಟುವವರೆಗೆ ಎಣಿಸಿ. 5,000, 6,000ದಲ್ಲೂ ಹಾಗೇ ಮಾಡಿ. ತಡ ಎಷ್ಟು ಬೇಗ ಕರಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ತಿರುವಿನಲ್ಲಿ 5,000ದ ಕೆಳಗೆ ಬೀಳದ ಗೇರನ್ನೇ ಆರಿಸಿ.

ಈಗ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ನಾರ್ಡ್‌ಶ್ಲೈಫೆ ಎಂಬ ಓಟದ ದಾರಿಗೆ ಹೋಗೋಣ. ಕೊನೆಯಲ್ಲಿ ಗಾಲ್ಗೆನ್‌ಕಾಫ್ ಎಂಬ ಬಲ ತಿರುವು, ಅದಾದ ಮೇಲೆ ಡಾಟಿಂಗರ್ ಹ್ಯೋಹೆಯ ಉದ್ದನೆಯ ನೇರ ದಾರಿ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 42 ಮೀಟರ್ ಓಡುತ್ತದೆ. ತಡ 0.8 ಸೆಕೆಂಡ್ ಇದ್ದರೆ, ಶಕ್ತಿ ಎಲ್ಲಿ ಬೇಕೋ ಅದಕ್ಕೆ 33 ಮೀಟರ್ ಹಿಂದೆಯೇ ಕಾಲು ಕೆಲಸ ಶುರುಮಾಡಬೇಕು. ಗೇರು ಇಳಿಸುವುದನ್ನು ನೇರ ದಾರಿಯಲ್ಲೇ ಮುಗಿಸಿ, ಬ್ರೇಕನ್ನು ತುಸು ಬೇಗ ಬಿಟ್ಟು, ಒಳ ಅಂಚಿಗೆ ಮುಂಚೆಯೇ ಪೆಡಲನ್ನು ಕಾಲು ಭಾಗ ಒತ್ತಿ ಹಿಡಿಯಿರಿ. ಬೂಸ್ಟ್ ಏರಿದಂತೆ ಸ್ಟಿಯರಿಂಗ್ ಬಿಚ್ಚುತ್ತಾ ಬನ್ನಿ. ಹಿಂಭಾಗ ಜಾರಿದರೆ ಪೆಡಲನ್ನು ಥಟ್ಟನೆ ಬಿಡಬೇಡಿ: ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳ ಹಿಡಿತ ಇನ್ನೂ ಸಡಿಲವಾಗುತ್ತದೆ. ಅರ್ಧ ಬಿಟ್ಟು, ಸ್ಟಿಯರಿಂಗನ್ನು ಜಾರುವ ದಿಕ್ಕಿಗೆ ತಿರುಗಿಸಿ.

ಇದೇ ದಾರಿಯಲ್ಲಿ 1983ರ ಮೇ ತಿಂಗಳಲ್ಲಿ ಜರ್ಮನಿಯ ಚಾಲಕ ಸ್ಟೆಫಾನ್ ಬೆಲ್ಲೋಫ್ 956ರಲ್ಲಿ 6 ನಿಮಿಷ 11.13 ಸೆಕೆಂಡಿನ ಸುತ್ತು ಹಾಕಿದರು. ಸರಾಸರಿ ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು, ಇಂದಿಗೂ ಮೈ ಜುಂ ಎನ್ನಿಸುವ ಸಂಖ್ಯೆ. ಓಟದ ದಿನ ಪ್ಲಾನ್ಸ್‌ಗಾರ್ಟನ್‌ನ ದಿಣ್ಣೆಯಲ್ಲಿ ಅವರ ಕಾರು ಹಾರಿ ನುಜ್ಜಾಯಿತು. ಅದೃಷ್ಟಕ್ಕೆ ಅವರಿಗೆ ಏನೂ ಆಗಲಿಲ್ಲ. ಈ ಕಾರುಗಳ ತಳದಲ್ಲಿ ಎರಡು ಸುರಂಗಗಳಿವೆ. ಅವುಗಳಲ್ಲಿ ಗಾಳಿ ವೇಗವಾಗಿ ಹರಿದು ಒತ್ತಡ ಇಳಿಯುವುದರಿಂದ ಕಾರು ನೆಲಕ್ಕೆ ಅಂಟುತ್ತದೆ, ಆದರೆ ತಳ ನೆಲದ ಹತ್ತಿರ ಇರುವವರೆಗೆ ಮಾತ್ರ. ದಿಣ್ಣೆಯ ಮೇಲೆ ಮೂಗು ಎದ್ದರೆ ಆ ಹಿಡಿತ ಕ್ಷಣದಲ್ಲಿ ಮಾಯ. ಅಲ್ಲಿ ಕಾರು ನೇರವಾಗಿರಲಿ, ದಿಣ್ಣೆಗೆ ಮೊದಲೇ ವೇಗ ತಗ್ಗಿಸಿ.

ಇನ್ನು ಪೆಟ್ರೋಲ್. ಓಟಕ್ಕೆ ಬಳಸಬಹುದಾದ ಪೆಟ್ರೋಲಿಗೆ ಮಿತಿಯಿತ್ತು. 1983ರ ನಿಯಮ 1,000 ಕಿ.ಮೀ.ಗೆ 600 ಲೀಟರ್, ಅಂದರೆ ಈ ದಾರಿಯ 20.8 ಕಿ.ಮೀ. ಸುತ್ತಿಗೆ 12.5 ಲೀಟರ್. 1985ರಲ್ಲಿ ಅದು 510ಕ್ಕೆ ಇಳಿಯಿತು: ಸುತ್ತಿಗೆ 10.6. ಉಳಿಸಬೇಕಾದದ್ದು 1.9 ಲೀಟರ್. ಪೂರ್ತಿ ಬೂಸ್ಟಿನಲ್ಲಿ ಎಂಜಿನ್ ಸೆಕೆಂಡಿಗೆ ಸುಮಾರು 50 ಮಿಲಿಲೀಟರ್ ಕುಡಿಯುತ್ತದೆ. ಪೆಡಲ್ ಬಿಟ್ಟೇ ಅಷ್ಟನ್ನೂ ಉಳಿಸುವುದಾದರೆ ಸುತ್ತಿಗೆ 38 ಸೆಕೆಂಡ್ ಸುಮ್ಮನಿರಬೇಕು. ಅದು ಆಗದ ಮಾತು. ಬೂಸ್ಟನ್ನು 1.2ರಿಂದ 1.0 ಬಾರ್‌ಗೆ ಇಳಿಸಿದರೆ ಗಾಳಿ ಶೇ. 9ರಷ್ಟು ಕಡಿಮೆಯಾಗಿ ಒಂದು ಲೀಟರಿನಷ್ಟು ಉಳಿಯುತ್ತದೆ. ಉಳಿದದ್ದಕ್ಕೆ ಹತ್ತು ಕಡೆ ಬ್ರೇಕಿಗೆ ಸುಮಾರು ಎರಡು ಸೆಕೆಂಡ್ ಮೊದಲೇ ಪೆಡಲ್ ಬಿಟ್ಟು ಕಾರನ್ನು ತೇಲಲು ಬಿಡಿ. ಬ್ರೇಕ್ ಹಾಕುವಾಗ ಬೂಸ್ಟ್ ಹೇಗೂ ಹೋಗುತ್ತದೆ, ಆದ್ದರಿಂದ ಅಲ್ಲಿ ಟರ್ಬೊ ತಡದ ನಷ್ಟ ಹೆಚ್ಚುವುದಿಲ್ಲ.