ಏಜೆನ್ಸಿ ಡ್ರೈವರ್‌ಗೆ ಅಪಘಾತವಾದರೆ ಪರಿಹಾರ ಕೊಡುವವರು ಯಾರು?

ಡೆಲಿವರಿ ಡ್ರೈವರ್ ಕೊರಳಲ್ಲಿರುವ ಐಡಿ ಕಾರ್ಡ್ ಮೇಲೆ ಒಂದು ಕಂಪನಿಯ ಹೆಸರು. ಟೀ ಶರ್ಟ್ ಮೇಲೂ ಅದೇ. ಸಂಬಳ ಬಿದ್ದಾಗ ಬರುವ ಬ್ಯಾಂಕ್ ಮೆಸೇಜಿನಲ್ಲಿ ಮಾತ್ರ ಬೇರೆ ಹೆಸರು, ಅದು ಏಜೆನ್ಸಿಯದು. ಎಲ್ಲ ಸರಿಯಿರುವಾಗ ಈ ಎರಡು ಹೆಸರುಗಳ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಗಾಡಿ ಬಿದ್ದು ಕಾಲು ಮುರಿದ ದಿನ, ಪರಿಹಾರವನ್ನು ಇಬ್ಬರಲ್ಲಿ ಯಾರ ಹತ್ತಿರ ಕೇಳಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಪ್ರಶ್ನೆಗೆ ನೂರು ವರ್ಷ ದಾಟಿದೆ. ಕೆಲಸದಲ್ಲಿ ಏಟಾದವನು ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿದ್ದ ಕಾಲವೊಂದಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಆ ಹೊರೆಯನ್ನು ಇಳಿಸಿತು. ಕೆಲಸದ ಕಾರಣಕ್ಕೆ, ಕೆಲಸದ ವೇಳೆ ಅಪಘಾತವಾಗಿದ್ದರೆ ಸಾಕು. ಗುತ್ತಿಗೆದಾರರನ್ನು ಮಧ್ಯೆ ಇಟ್ಟು ಕೆಲಸ ಮಾಡಿಸುವ ಪದ್ಧತಿ ಆಗಲೂ ಇತ್ತು. ಅದಕ್ಕೇ 12ನೇ ಸೆಕ್ಷನ್ ಬಂತು. ಕೆಲಸ ನಿಮ್ಮ ವ್ಯಾಪಾರದ್ದೇ ಭಾಗವಾಗಿದ್ದರೆ ಗುತ್ತಿಗೆದಾರನ ಆಳಿಗೂ ನೀವೇ ಪರಿಹಾರ ಕೊಡಿ, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಿ ಎಂದಿತು.

ಡ್ರೈವರ್‌ಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೆ ಅದೇ ಸೆಕ್ಷನ್ನಿನ 4ನೇ ಉಪವಿಧಿ ಒಂದು ಷರತ್ತು ಹಾಕಿತ್ತು. ಅಪಘಾತವು ಮೂಲ ಮಾಲೀಕ, ಅಂದರೆ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು, ಕೆಲಸ ನಡೆಸುವ ಆವರಣದಲ್ಲಿ, ಅದರ ಆಸುಪಾಸಿನಲ್ಲಿ ಅಥವಾ ಅವನ ಹಿಡಿತದಲ್ಲಿರುವ ಜಾಗದಲ್ಲಿ ಆಗಿರಬೇಕು. ಆಗಿನ ಕಾಲಕ್ಕೆ ಕೆಲಸ ಅಂದರೆ ಗಿರಣಿ, ಗಣಿ. ಅಲ್ಲಿ ಕಾಂಪೌಂಡ್ ಇತ್ತು, ಗೇಟ್ ಇತ್ತು. ಡೆಲಿವರಿ ಡ್ರೈವರ್ ದುಡಿಯುವುದು ರಸ್ತೆಯಲ್ಲಿ. ಕಂಪನಿಯ ಹಬ್‌ನಲ್ಲಿ, ಅಂದರೆ ಪಾರ್ಸೆಲ್ ಹಂಚುವ ಗೋದಾಮಿನಲ್ಲಿ, ಲೋಡ್ ಮಾಡುವಾಗ ಕೈ ಜಜ್ಜಿದರೆ ದೊಡ್ಡ ಕಂಪನಿಯನ್ನು ಕೇಳಬಹುದು. ಗೇಟ್ ದಾಟಿ ಎರಡು ಕಿಲೋಮೀಟರ್ ಹೋದ ಮೇಲೆ ಬಿದ್ದರೆ, ರಸ್ತೆ ನಮ್ಮ ಆವರಣವಲ್ಲ ಎಂದು ವಾದಿಸಲು ಅದಕ್ಕೆ ದಾರಿಯಿದೆ. ಯಾವ ರೂಟ್, ಯಾವ ಮನೆ ಮೊದಲು, ಎಷ್ಟು ಗಂಟೆಯೊಳಗೆ, ಎಲ್ಲವನ್ನೂ ಕೈಯಲ್ಲಿರುವ ಫೋನ್ ಹೇಳುತ್ತಿರುತ್ತದೆ. ಇಷ್ಟೆಲ್ಲ ಇದ್ದೂ ಆ ರಸ್ತೆ ಯಾರ ಹಿಡಿತದಲ್ಲೂ ಇಲ್ಲ ಅನ್ನುವುದನ್ನು ಒಪ್ಪುವುದು ಕಷ್ಟ.

ಹಾಗಂತ ಏಜೆನ್ಸಿ ತಪ್ಪಿಸಿಕೊಳ್ಳುವಂತಿಲ್ಲ. ಅದು ನೇರ ಮಾಲೀಕ. ಮೊತ್ತವೂ ಸಣ್ಣದಲ್ಲ. 2020ರಿಂದ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ತಿಂಗಳಿಗೆ 15,000 ರೂಪಾಯಿ. 30 ವರ್ಷದವನು ಪೂರ್ತಿ, ಶಾಶ್ವತವಾಗಿ ದುಡಿಯಲಾಗದಂತಾದರೆ ಅದರ ಶೇ. 60, ಅಂದರೆ 9,000ವನ್ನು ಆ ವಯಸ್ಸಿಗೆ ಕಾಯ್ದೆ ಕೊಟ್ಟ ಗುಣಕ 207.98ರಿಂದ ಗುಣಿಸಬೇಕು. 18,71,820 ರೂಪಾಯಿ. ದುಡಿಯುವ ಶಕ್ತಿ ಶೇ. 30ರಷ್ಟು ಹೋಗಿದ್ದರೆ 5,61,546. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಆದರೆ ಎರಡು ವ್ಯಾನ್, ಒಂದು ಬಾಡಿಗೆ ರೂಮ್ ಇಟ್ಟುಕೊಂಡ ಏಜೆನ್ಸಿ ಇಷ್ಟು ದುಡ್ಡು ಎಲ್ಲಿಂದ ತರುತ್ತದೆ? ಆದೇಶ ಕೈಗೆ ಬಂದರೂ ವಸೂಲಿಯಾಗದೆ ಉಳಿಯುವ ಅಪಾಯ ಇಲ್ಲೇ.

1948ರಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾಯ್ದೆ ಬಂತು. ಇಎಸ್‌ಐ ಮಿತಿ 2017ರಿಂದ ತಿಂಗಳಿಗೆ 21,000 ರೂಪಾಯಿ. ಅದರೊಳಗೆ ಬಂದರೆ ಚಿಕಿತ್ಸೆಯೂ ಸಿಗುತ್ತದೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಸುಮಾರು ಶೇ. 90ರಷ್ಟು ಹಣವೂ ಬರುತ್ತದೆ. ಆಗ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ. ಗುತ್ತಿಗೆದಾರ ಕಟ್ಟದ ವಂತಿಗೆಯನ್ನು ಮೂಲ ಮಾಲೀಕನೇ ಮೊದಲು ಕಟ್ಟಬೇಕು ಎನ್ನುವ ನಿಯಮ ಇಲ್ಲಿದೆ. ಇದರಲ್ಲಿ ಆವರಣದ ಜಗಳ ಕಡಿಮೆ.

ಇನ್ನೊಂದು ದಾರಿ 1988ರ ಮೋಟಾರು ವಾಹನ ಕಾಯ್ದೆ. ಬೇರೆ ಗಾಡಿಯವನ ತಪ್ಪಿದ್ದರೆ ರಸ್ತೆ ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಹೋಗಬಹುದು. ಅಲ್ಲಿ 15,000ದ ಮಿತಿಯಿಲ್ಲ. ಆದರೆ ಕಾರ್ಮಿಕ ಪರಿಹಾರ ಅಥವಾ ಇದು, ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಏಜೆನ್ಸಿಯ ವ್ಯಾನ್ ಓಡಿಸುವವನಿಗೆ ಇನ್ನೊಂದು ಆಸರೆಯಿದೆ. ಸಂಬಳದ ಡ್ರೈವರ್‌ಗೆ ಸಿಗಬೇಕಾದ ಕಾರ್ಮಿಕ ಪರಿಹಾರವನ್ನು ಆ ವ್ಯಾನಿನ ವಿಮೆಯಿಂದ ಪಡೆಯುವ ದಾರಿ ಸಾಮಾನ್ಯವಾಗಿ ಇರುತ್ತದೆ. ಸ್ವಂತ ಬೈಕಿನವನ ಪಾಡು ಬೇರೆ. ಅವನ ಥರ್ಡ್ ಪಾರ್ಟಿ ವಿಮೆ ಬೇರೆಯವರಿಗಷ್ಟೇ, ಅವನಿಗಲ್ಲ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯಿದ್ದರೂ ಸಾವು ಅಥವಾ ದೊಡ್ಡ ಊನಕ್ಕೆ ಮಾತ್ರ. ಒಂದೇ ಹಬ್, ಒಂದೇ ಕೆಲಸ, ಗಾಡಿ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲೆ ಇಷ್ಟು ವ್ಯತ್ಯಾಸ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಪರಿಹಾರ ಕಾಯ್ದೆಯೂ ಇಎಸ್‌ಐ ಕಾಯ್ದೆಯೂ ಅದರೊಳಗೆ ಸೇರಿದವು. ಮನೆಯಿಂದ ಕೆಲಸಕ್ಕೆ ಹೋಗಿ ಬರುವಾಗಿನ ಅಪಘಾತವೂ ಈಗ ಲೆಕ್ಕಕ್ಕಿದೆ. ಗಿಗ್ ಕಾರ್ಮಿಕರಿಗೆ ನಿಧಿಯ ಮಾತಿದೆ. ಅದೇ ವರ್ಷ ಕರ್ನಾಟಕವೂ ಗಿಗ್ ಕಾರ್ಮಿಕರಿಗೆ ತನ್ನದೇ ಕಾನೂನು ತಂದಿತು. ಒಳ್ಳೆಯದೇ. ಆದರೆ ಸಂಹಿತೆಯ ಪ್ರಕಾರ ಗಿಗ್ ಎಂದರೆ ಮಾಲೀಕ-ನೌಕರ ಸಂಬಂಧದ ಆಚೆ ದುಡಿಯುವವರು. ಏಜೆನ್ಸಿಯಿಂದ ತಿಂಗಳ ಸಂಬಳ ತಗೊಳ್ಳುವವನು ನೌಕರ. ಅವನು ಸುಮ್ನೆ ಕಲ್ಯಾಣ ನಿಧಿಗೆ ಒಪ್ಪಿಕೊಂಡು ನೌಕರನ ಹಕ್ಕು ಬಿಟ್ಟುಕೊಡಬಾರದು.

ಗಡುವು ಮರೆಯಬೇಡಿ. ಹಳೆಯ ಪರಿಹಾರ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷ ಇತ್ತು. ಟ್ರಿಬ್ಯೂನಲ್‌ಗೆ 2022ರ ಏಪ್ರಿಲ್‌ನಿಂದ ಬರೀ ಆರು ತಿಂಗಳು. ಆಸ್ಪತ್ರೆಯಲ್ಲಿ, ಡೆಲಿವರಿ ಕೊಡಲು ಹೋಗುವಾಗ ಬಿದ್ದೆ ಎಂದೇ ಬರೆಸಿ. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ, ಮಾಡಿಸಿ. ಆ ದಿನದ ರೂಟ್ ಮತ್ತು ಉಳಿದ ಪಾರ್ಸೆಲ್‌ಗಳ ಸ್ಕ್ರೀನ್‌ಶಾಟ್ ಅವತ್ತೇ ತೆಗೆದು ಮನೆಯವರಿಗೆ ಕಳಿಸಿಬಿಡಿ. ಲಾಗಿನ್ ಬಂದ್ ಆದರೆ ಆ ಪುಟ ಮತ್ತೆ ತೆರೆಯುವುದಿಲ್ಲ.