ಗೋಡೆಯ ಬುಡದಲ್ಲಿ ಒಂದು ಬೆರಳಗಲ ಜಾಗ

ಹಾಕಿ ನಾಲ್ಕಾರು ವರ್ಷವಾದ ಟೈಲ್ಸ್ ನೆಲ. ಭಾರವಾದದ್ದು ಏನೂ ಬಿದ್ದಿಲ್ಲ. ಒಂದು ಮಧ್ಯಾಹ್ನ ಟಪ್ಪೆಂದು ಸದ್ದಾಗುತ್ತದೆ. ಬಂದು ನೋಡಿದರೆ ಹಾಲ್ ನಡುವೆ ಎರಡು ಟೈಲ್ಸ್ ಒಂದಕ್ಕೊಂದು ಒರಗಿಕೊಂಡು ಗುಡಾರದ ಹಾಗೆ ಎದ್ದು ನಿಂತಿರುತ್ತವೆ. ಸಿಮೆಂಟ್ ಕಳಪೆ ಎಂದು ಎಲ್ಲರೂ ಬೈಯುತ್ತಾರೆ. ಇರಬಹುದು. ಆದರೆ ಎಷ್ಟೋ ಸಲ ತಪ್ಪಾಗಿರುವುದು ಗೋಡೆಯ ಬುಡದಲ್ಲಿ. ಅಲ್ಲಿ ಹಿಗ್ಗಲು ಜಾಗವನ್ನೇ ಬಿಟ್ಟಿರುವುದಿಲ್ಲ.

ನೆಲ ಸದಾ ಅಲುಗುತ್ತಿರುತ್ತದೆ. ಬಿಸಿಲಿಗೆ ಟೈಲ್ಸ್ ಹಿಗ್ಗುತ್ತದೆ. ಕೆಳಗಿನ ಕಾಂಕ್ರೀಟ್ ಒಣಗುತ್ತಾ ಮೀಟರಿಗೆ ಸುಮಾರು ಅರ್ಧ ಮಿ.ಮೀ. ಕುಗ್ಗುತ್ತದೆ. 5 ಮೀಟರ್ ಉದ್ದದ ಟೈಲ್ಸ್ ಸಾಲು 20 ಡಿಗ್ರಿ ಬಿಸಿಯೇರಿದರೆ ಬೆಳೆಯುವುದು ಸುಮಾರು 0.7 ಮಿ.ಮೀ. ಎಟಿಎಂ ಕಾರ್ಡಿನ ದಪ್ಪದಷ್ಟು.

ಇಷ್ಟಕ್ಕೆ ಏನಾಗುತ್ತದೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಎರಡೂ ತುದಿ ಗೋಡೆಗೆ ಆತುಕೊಂಡು ಜರುಗದೇ ಇದ್ದರೆ ಸಾಲು ನಡುವೆ ಮೇಲಕ್ಕೆ ಮಡಚಿಕೊಳ್ಳಬೇಕು. ಆಗ ಎರಡು ಲಂಬಕೋನ ತ್ರಿಕೋನಗಳಾಗುತ್ತವೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸೂತ್ರ ಹಾಕಿದರೆ ನಡುವಿನ ಎತ್ತರ 4 ಸೆಂ.ಮೀ.ಗಿಂತ ಜಾಸ್ತಿ! ನಿಜವಾದ ನೆಲದಲ್ಲಿ ಟೈಲ್ಸ್ ಸ್ವಲ್ಪ ಅದುಮಿಕೊಳ್ಳುತ್ತದೆ, ಅಂಟು ಕೆಳಕ್ಕೆ ಹಿಡಿದಿಡುತ್ತದೆ. ಹಾಗಾಗಿ ಅಷ್ಟು ಏಳುವುದಿಲ್ಲ. ಆದರೆ ಅಂಟು ಸೋತ ದಿನ ಕೂಡಿಟ್ಟ ಒತ್ತಡವೆಲ್ಲ ಒಮ್ಮೆಲೇ ಹೊರಬರುತ್ತದೆ. ಆ ಟಪ್ ಸದ್ದು ಅದೇ.

ಆದ್ದರಿಂದ ಗೋಡೆಯ ಸುತ್ತ ಬೆರಳಗಲ ಬಿಡಿ, ಅದಕ್ಕೆ ಗಾರೆ ತುಂಬಬೇಡಿ. ಗೋಡೆಯ ಬುಡಕ್ಕೆ ಕೂರಿಸುವ ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ದೊಡ್ಡ ಹಾಲ್ ಆದರೆ ನಡುವೆಯೂ ಅಲ್ಲಲ್ಲಿ ಸಿಲಿಕೋನ್‌ನಂಥ ಮೆತ್ತಗಿನ ಸಂದು ಬೇಕು. ‘ಟೈಲ್ಸ್ ನಡುವೆ ಗೆರೆಯೇ ಕಾಣಬಾರದು’ ಎಂದು ದಯವಿಟ್ಟು ಹಟ ಹಿಡಿಯಬೇಡಿ.

ಅಂಟಿನದೂ ಒಂದು ಕಥೆ. ಸಿಮೆಂಟ್ ಗಟ್ಟಿಯಾಗುವಾಗ ಅದರ ಹರಳುಗಳು ಟೈಲ್ಸ್‌ನ ಸಣ್ಣ ರಂಧ್ರಗಳೊಳಗೆ ಬೆಳೆದು ಬೇರು ಬಿಡುತ್ತವೆ. ವಿಟ್ರಿಫೈಡ್ ಟೈಲ್ಸ್‌ನಲ್ಲಿ ರಂಧ್ರಗಳೇ ತೀರಾ ಕಡಿಮೆ. ಅದು ತನ್ನ ತೂಕದ 0.5%ರಷ್ಟು ನೀರನ್ನೂ ಹೀರುವುದಿಲ್ಲ. ಅದಕ್ಕೇ ಪಾಲಿಮರ್ ಬೆರೆಸಿದ ಅಂಟು ಬೇಕು. ಅದನ್ನು ಹಲ್ಲಿರುವ ಕರಣೆಯಲ್ಲಿ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಕೂರಿಸಿದರೆ ಒಳಗೆ ಪೊಳ್ಳು ಉಳಿಯುತ್ತದೆ. ನಾಣ್ಯದಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಮರದ ನೆಲವನ್ನು ಅಲುಗಿಸುವುದು ತೇವ. ಹಲಗೆ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. 10 ಸೆಂ.ಮೀ. ಅಗಲದ ಹಲಗೆಯ ತೇವಾಂಶ 4% ಏರಿದರೆ ಅದು ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಪಕ್ಕಪಕ್ಕ ಮೂವತ್ತು ಹಲಗೆ ಇದ್ದರೆ? ಲೆಕ್ಕಕ್ಕೆ 3 ಸೆಂ.ಮೀ. ಅದಕ್ಕೇ ಹಲಗೆಗಳನ್ನು ಜೋಡಿಸುವ ಮೊದಲು ಎರಡು ದಿನವಾದರೂ ಅದೇ ಕೋಣೆಯಲ್ಲಿ ಸುಮ್ನೆ ಇಡುತ್ತಾರೆ. ಕೋಣೆಯ ಗಾಳಿಗೆ ಅವು ಹೊಂದಿಕೊಳ್ಳಲಿ ಎಂದು. ಕೆಳಗಿನ ಕಾಂಕ್ರೀಟನ್ನೂ ನೋಡಬೇಕು. ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದ್ದರೆ ಕಾಂಕ್ರೀಟ್ ಇನ್ನೂ ಒಣಗಿಲ್ಲ, ಕಾಯಿರಿ.

ಇನ್ನು ತಲೆಯ ಮೇಲೆ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಅಲಂಕಾರಕ್ಕಷ್ಟೇ ಎಂದುಕೊಳ್ಳುವವರು ಜಾಸ್ತಿ. ನನಗಂತೂ ಅದು ಬೆರಗಿನ ವಸ್ತು. ಒಣಗಿದ ಕಲ್ಲಿನಂತೆ ಕಂಡರೂ ಜಿಪ್ಸಮ್ ತೂಕದಲ್ಲಿ ಸುಮಾರು 21% ನೀರೇ. ಆ ನೀರು ಹರಳಿನೊಳಗೆ ಬಂಧಿ. ಬೆಂಕಿ ತಗುಲಿದರೆ ಅದು ಬಿಡುಗಡೆಯಾಗಿ ಆವಿಯಾಗುತ್ತದೆ, ಬಹಳಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಪೂರ್ತಿ ಆವಿಯಾಗುವ ತನಕ ಬೋರ್ಡಿನ ಹಿಂಬದಿ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಮನೆಯವರು ಹೊರಗೆ ಓಡಲು ಸಿಗುವ ಸಮಯ ಅದು.

ಹೊರಗಿನಿಂದ ಸುರಿಯುವ ನೀರು ಮಾತ್ರ ಅದಕ್ಕೆ ಆಗುವುದಿಲ್ಲ. ಮೇಲಿನ ಪೈಪ್ ಸೋರಿದರೆ ಬೋರ್ಡ್ ನೆನೆದು ಭಾರವಾಗಿ, ಹೊಟ್ಟೆಯಂತೆ ಜೋತು ಬೀಳುತ್ತದೆ. ಆಗ ಮೊದಲು ಕರೆಂಟ್ ಆಫ್ ಮಾಡಿ. ಕೆಳಗೆ ಬಕೆಟ್ ಇಡಿ. ಪಕ್ಕಕ್ಕೆ ನಿಂತು, ಜೋತ ಜಾಗಕ್ಕೆ ಸ್ಕ್ರೂಡ್ರೈವರಿನಿಂದ ಒಂದು ಸಣ್ಣ ತೂತು ಮಾಡಿ. ನೀರು ಹರಿದುಹೋದರೆ ಇಡೀ ಬೋರ್ಡ್ ಕುಸಿಯುವುದು ತಪ್ಪಬಹುದು.