ಕಗ್ಗದ ಪಕ್ಕದಲ್ಲಿ ಕೊಲೆ ಕತೆ ಇಡಬಹುದಾ?

ಪ್ರಶ್ನೆ: ಮೇಷ್ಟ್ರೇ, ಬರುವ ತಿಂಗಳು ನಿವೃತ್ತಿ. ಇನ್ನಾದರೂ ನೆಮ್ಮದಿಯಾಗಿ ಓದೋಣ ಅಂತ ಪ್ರಾರ್ಥನೆ, ಧ್ಯಾನ, ಗೀತೆಯ ಪುಸ್ತಕಗಳನ್ನು ತಂದಿಟ್ಟುಕೊಂಡಿದ್ದೇನೆ. ಆದರೆ ನನಗೆ ಮೊದಲಿನಿಂದಲೂ ಪತ್ತೇದಾರಿ ಕಾದಂಬರಿ ಅಂದರೆ ಜೀವ. ಎರಡನ್ನೂ ಒಟ್ಟಿಗೆ ಓದಿದರೆ ಮನಸ್ಸು ಕೆಡುತ್ತೆ, ಓದಿದ ದೇವರ ಪುಸ್ತಕವೂ ದಕ್ಕುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಯಾವುದನ್ನು ಬಿಡಲಿ?
– ಓದುಗರೊಬ್ಬರು, ಅರಸೀಕೆರೆ

ಯಾವುದನ್ನೂ ಬಿಡಬೇಡಿ. ಉತ್ತರ ಇಷ್ಟೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಸಕಲೇಶಪುರದಿಂದ ಬಂದಿದೆ, ಕಡೂರಿನಿಂದ ಬಂದಿದೆ, ಹಾಸನದಲ್ಲಿ ನಮ್ಮ ಬೀದಿಯ ಕೊನೇ ಮನೆಯಿಂದಲೂ ಬಂದಿದೆ. ಪ್ರತಿ ಸಲ ‘ಎರಡನ್ನೂ ಓದಿ’ ಅಂತ ಬರೆಯುತ್ತೇನೆ. ಪ್ರತಿ ಸಲ ‘ಅದು ಸರಿ ಮೇಷ್ಟ್ರೇ, ಆದ್ರೂ...’ ಅಂತ ಮರುಪತ್ರ ಬರುತ್ತದೆ. ಆ ‘ಆದ್ರೂ’ಗೆ ಇವತ್ತು ಒಂದು ಗತಿ ಕಾಣಿಸೋಣ.

ಕೊಲೆ, ಕಳ್ಳತನದ ಕತೆ ಓದಿದರೆ ಮನಸ್ಸು ಮೈಲಿಗೆ ಆಗುತ್ತದೆ ಅನ್ನುವುದು ಈ ಮಾತಿನ ಬುಡ. ಇದನ್ನು ಹೇಳುವವರು ಯಾರು ಅಂತ ಸ್ವಲ್ಪ ಗಮನಿಸಿ. ಸಂಜೆ ದೀಪ ಹಚ್ಚಿದ ಮೇಲೆ ಟೀವಿ ಮುಂದೆ ಕೂತು, ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ಊಟದ ಹೊತ್ತಿನವರೆಗೂ ನೋಡುವವರು. ಅದು ಮನಸ್ಸಿಗೆ ಅಂಟುವುದಿಲ್ಲವಂತೆ, ಪುಸ್ತಕ ಮಾತ್ರ ಅಂಟುತ್ತದಂತೆ. ಇರಲಿ, ಟೀವಿ ಜಗಳ ನಮಗೆ ಬೇಡ. ದೇವರ ಕತೆಗೇ ಬರೋಣ.

ಗಣೇಶನ ಹಬ್ಬದ ದಿನ ನಿಮ್ಮ ಮನೆಯಲ್ಲಿ ಏನು ಓದುತ್ತೀರಿ? ಪೂಜೆ ಮುಗಿದ ಮೇಲೆ ಎಲ್ಲರ ಕೈಗೂ ಅಕ್ಷತೆ ಕೊಟ್ಟು, ಮಕ್ಕಳ ಕಣ್ಣು ಕಡುಬಿನ ತಟ್ಟೆಯ ಮೇಲಿರುವಾಗ, ಹಿರಿಯರೊಬ್ಬರು ಶಮಂತಕ ಮಣಿಯ ಕತೆ ಓದುತ್ತಾರೆ. ಅದನ್ನು ಈ ಸಲ ಕಿವಿಗೊಟ್ಟು ಕೇಳಿ. ಸತ್ರಾಜಿತನ ಹತ್ತಿರ ಬೆಲೆ ಕಟ್ಟಲಾಗದ ಮಣಿ ಇದೆ. ಅದನ್ನು ದೊರೆ ಉಗ್ರಸೇನನಿಗೆ ಒಪ್ಪಿಸು ಅಂತ ಕೃಷ್ಣ ಹಿಂದೊಮ್ಮೆ ಹೇಳಿದ್ದ, ಅವನು ಒಪ್ಪಿರಲಿಲ್ಲ. ಒಂದು ದಿನ ಸತ್ರಾಜಿತನ ತಮ್ಮ ಪ್ರಸೇನ ಆ ಮಣಿಯನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋಗುತ್ತಾನೆ. ತಿರುಗಿ ಬರುವುದಿಲ್ಲ. ಊರೆಲ್ಲ ಗುಸುಗುಸು. ಮಣಿಯ ಮೇಲೆ ಕಣ್ಣಿದ್ದದ್ದು ಯಾರಿಗೆ? ಕೃಷ್ಣನಿಗೆ. ಹಾಗಾದರೆ ಕೊಂದವನು ಅವನೇ.

ನೋಡಿ, ಒಬ್ಬ ಕಾಣೆಯಾದ, ಒಂದು ಒಡವೆ ಕಾಣೆಯಾಯಿತು, ಅನುಮಾನ ಒಬ್ಬನ ಮೇಲೆ ಬಿತ್ತು, ಅನುಮಾನಕ್ಕೆ ಕಾರಣವೂ ಇದೆ. ಯಾವ ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯ ಇದಕ್ಕಿಂತ ಬೇರೆ?

ಮುಂದೆ ಕೃಷ್ಣ ಏನು ಮಾಡುತ್ತಾನೆ? ಶಾಪ ಕೊಡಲಿಲ್ಲ, ಆಣೆ ಇಡಲಿಲ್ಲ. ಊರಿನ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡ. ನಾಳೆ ಯಾರೂ ಮತ್ತೆ ಅನುಮಾನದ ಮಾತಾಡಬಾರದಲ್ಲ, ಅದಕ್ಕೆ ಸಾಕ್ಷಿ. ಕಾಡಿಗೆ ಹೋದ. ಪ್ರಸೇನನ ಹೆಣ ಸಿಕ್ಕಿತು, ಕುದುರೆಯ ಹೆಣ ಸಿಕ್ಕಿತು. ಸುತ್ತ ಸಿಂಹದ ಹೆಜ್ಜೆ. ಹೆಜ್ಜೆ ಹಿಡಿದು ಹೋದರೆ ಸಿಂಹವೂ ಸತ್ತು ಬಿದ್ದಿದೆ. ಅಲ್ಲಿಂದ ಕರಡಿಯ ಹೆಜ್ಜೆ ಶುರು. ಅದು ಹೋಗಿ ಮುಟ್ಟಿದ್ದು ಒಂದು ಗವಿಯ ಬಾಯಿಗೆ. ಜನರನ್ನು ಹೊರಗೆ ನಿಲ್ಲಿಸಿ ಕೃಷ್ಣ ಒಬ್ಬನೇ ಒಳಗೆ ಹೋದ. ಒಳಗೆ ದಾದಿಯೊಬ್ಬಳು ಅಳುವ ಮಗುವನ್ನು ಸುಮ್ಮನಾಗಿಸುತ್ತಾ ಹಾಡುತ್ತಿದ್ದಳು:

ಸಿಂಹಃ ಪ್ರಸೇನಮವಧೀತ್ ಸಿಂಹೋ ಜಾಂಬವತಾ ಹತಃ |
ಸುಕುಮಾರಕ ಮಾ ರೋದೀಃ ತವ ಹ್ಯೇಷ ಸ್ಯಮಂತಕಃ ||

ಪ್ರಸೇನನನ್ನು ಸಿಂಹ ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ, ಅಳಬೇಡ ಕಂದಾ, ಈ ಮಣಿ ನಿನ್ನದೇ. ಚೌತಿಯ ಚಂದ್ರನನ್ನು ನೋಡಿದ ದೋಷ ಹೋಗಲಿ ಅಂತ ನಾವೆಲ್ಲ ಗಡಿಬಿಡಿಯಲ್ಲಿ ಹೇಳುವ ಶ್ಲೋಕ ಇದೇ. ಇಡೀ ಪ್ರಕರಣದ ಗುಟ್ಟು ಅದರ ಮೊದಲ ಸಾಲಿನಲ್ಲೇ ಬಯಲಾಗಿದೆ. ಕೊನೆಗೆ ಕೃಷ್ಣ ಮಣಿ ತಂದು, ಸತ್ರಾಜಿತನನ್ನು ಸಭೆಗೆ ಕರೆಸಿ, ಎಲ್ಲರ ಎದುರಿಗೆ ನಡೆದದ್ದನ್ನು ಹೇಳಿ ಮಣಿಯನ್ನು ಅವನ ಕೈಗೇ ಕೊಡುತ್ತಾನೆ. ಎಲ್ಲರನ್ನೂ ಒಂದು ಕಡೆ ಕೂರಿಸಿ ಗುಟ್ಟು ಬಿಚ್ಚುವ ಕೊನೆಯ ಅಧ್ಯಾಯ ವಿಲಾಯತಿಯವರು ಕಂಡುಹಿಡಿದದ್ದು ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಇದನ್ನು ವರ್ಷಾ ವರ್ಷಾ ಕೇಳಿ ನಿಮ್ಮ ಮನಸ್ಸು ಕೆಟ್ಟಿದೆಯಾ? ಇಲ್ಲ ತಾನೇ.

ಇನ್ನೊಂದು ಹೇಳಿಬಿಡುತ್ತೇನೆ. ಮಳೆ ಕೈಕೊಟ್ಟರೆ ನಮ್ಮ ಕಡೆ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಇದೆ. ಅದರಲ್ಲಿ ಏನಿದೆ? ಐದು ಜನ ಗಂಡಸರು, ಒಬ್ಬಳು ಹೆಂಗಸು ಹೆಸರು, ವೇಷ ಬದಲಿಸಿಕೊಂಡು ಪರರ ಊರಿನಲ್ಲಿ ಅಡಗಿದ್ದಾರೆ. ಕತ್ತಲಲ್ಲಿ ನಾಟ್ಯಶಾಲೆಯೊಳಗೆ ಒಂದು ಕೊಲೆ. ಹೆಣ ಗುರುತು ಸಿಗದ ಹಾಗೆ ಮುದ್ದೆಯಾಗಿದೆ. ಕೊಂದವರು ಗಂಧರ್ವರು ಅಂತ ಪುಕಾರು. ಸುದ್ದಿ ಹಸ್ತಿನಾವತಿಗೆ ಮುಟ್ಟಿದಾಗ ಅಲ್ಲಿ ಲೆಕ್ಕ ಹಾಕುತ್ತಾರೆ: ಕೀಚಕನಂಥವನನ್ನು ಬರಿಗೈಯಲ್ಲಿ ಮುಗಿಸುವ ತಾಕತ್ತು ಇರುವುದು ಭೀಮನಿಗೆ, ಅಂದಮೇಲೆ ಪಾಂಡವರು ಅಲ್ಲೇ ಇರಬೇಕು. ಇದು ಪತ್ತೇದಾರಿಕೆ ಅಲ್ಲದೆ ಮತ್ತೇನು? ಆ ಕೊಲೆ ಕತೆಯನ್ನು ಮಡಿ ಉಟ್ಟು, ಗಮಕಿಗಳಿಂದ ಹಾಡಿಸಿ, ಮಳೆ ಕೇಳಿದ ಜನ ನಾವು.

ಹೊರಗಿನವರ ಸಾಕ್ಷಿಯೂ ಬೇಕು ಅನ್ನುವವರಿಗೆ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಇದ್ದಾರೆ. ಕ್ಯಾಥೊಲಿಕ್ ಪಾದ್ರಿ. ಇಡೀ ಬೈಬಲನ್ನು ಒಬ್ಬರೇ ಇಂಗ್ಲಿಷಿಗೆ ತಂದವರು. ಅವರೇ ಪತ್ತೇದಾರಿ ಕಾದಂಬರಿಗಳನ್ನೂ ಬರೆದರು. ಅಷ್ಟೇ ಅಲ್ಲ, ಅಂಥ ಕತೆ ಬರೆಯುವವರು ಓದುಗನಿಗೆ ಮೋಸ ಮಾಡಬಾರದು ಅಂತ 1929ರಲ್ಲಿ ಹತ್ತು ಕಟ್ಟಳೆಗಳನ್ನೂ ಹಾಕಿಕೊಟ್ಟರು. ದೆವ್ವ ಬಂದು ಗುಟ್ಟು ಹೇಳುವ ಹಾಗಿಲ್ಲ, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಹೀಗೆ. ಇವರಿಗಿಂತ ಮೊದಲು ಇಂಗ್ಲೆಂಡಿನವರೇ ಆದ ಲೇಖಕ ಚೆಸ್ಟರ್ಟನ್ ಒಬ್ಬ ಪಾದ್ರಿಯನ್ನೇ ಪತ್ತೇದಾರ ಮಾಡಿದ್ದರು. ಫಾದರ್ ಬ್ರೌನ್. ಮೊದಲ ಕತೆಯಲ್ಲೇ ಒಬ್ಬ ಕಳ್ಳ ಪಾದ್ರಿಯ ವೇಷ ಹಾಕಿಕೊಂಡು ಬರುತ್ತಾನೆ. ದೇವರ ವಿಷಯ ಮಾತಾಡುತ್ತಾ ‘ಬುದ್ಧಿಗೆ ಎಟುಕದ್ದು’ ಅಂತ ವಿವೇಚನೆಯನ್ನು ಹಗುರ ಮಾಡುತ್ತಾನೆ. ನಿಜವಾದ ಪಾದ್ರಿ ಹಾಗೆ ಮಾತಾಡುವುದಿಲ್ಲ ಅನ್ನುವುದೇ ಫಾದರ್ ಬ್ರೌನ್‌ಗೆ ಒಂದು ಸುಳಿವು. ನೂರು ವರ್ಷ ದಾಟಿದ ಕತೆ, ಗುಟ್ಟು ಹೇಳಿದ್ದಕ್ಕೆ ಬೈಯಬೇಡಿ.

‘ಮನಸ್ಸು ಕೆಡದೇ ಇರಬಹುದು, ಆದರೆ ಅದು ಸಾಹಿತ್ಯ ಅಲ್ಲವಲ್ಲ’ ಅಂತ ಇನ್ನೊಂದು ರಾಗ ಇದೆ. ಮೂಡಿಗೆರೆಯ ತೇಜಸ್ವಿಯವರ ‘ಚಿದಂಬರ ರಹಸ್ಯ’ ಓದಿದ್ದೀರಾ? ಕೆಸರೂರು ಅನ್ನುವ ಮಲೆನಾಡ ಊರು, ಏಲಕ್ಕಿ, ಅನುಮಾನದ ಸಾವು, ಅದನ್ನು ಕೆದಕಲು ಬರುವ ಗುಪ್ತಚರ ಅಧಿಕಾರಿ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ಅಪ್ಪಟ ಪತ್ತೇದಾರಿಯೇ ಬೇಕು ಅಂದರೆ ಎನ್. ನರಸಿಂಹಯ್ಯನವರು ಹುಟ್ಟಿದ್ದೇ ಚಿಕ್ಕಮಗಳೂರಿನಲ್ಲಿ. 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಜನ ಕಾಯುತ್ತಿದ್ದ ಕಾಲವನ್ನು ಹಳಬರು ಇವತ್ತಿಗೂ ಹೇಳುತ್ತಾರೆ. ಅಕ್ಷರ ಕೂಡಿಸಿ ಓದುತ್ತಿದ್ದವರು ಸರಾಗವಾಗಿ ಓದಲು ಕಲಿತದ್ದು ಇಂಥ ಪುಸ್ತಕಗಳಿಂದ. ವ್ಯಾಕರಣ ಕಲಿಸಿ ಬೇಸತ್ತ ನನ್ನಂಥ ಮೇಷ್ಟ್ರು ಇದನ್ನು ಹೊಟ್ಟೆಕಿಚ್ಚಿನಿಂದಲೇ ಒಪ್ಪಬೇಕು.

ಸರಿ, ಹೇಗೆ ಓದುವುದು? ತೊಂದರೆ ಎರಡನ್ನೂ ಓದುವುದರಲ್ಲಿಲ್ಲ, ಎರಡನ್ನೂ ಒಂದೇ ವೇಗದಲ್ಲಿ ಓದುವುದರಲ್ಲಿದೆ. ಡಿವಿಜಿಯವರ ಕಗ್ಗದಲ್ಲಿ 945 ಪದ್ಯ ಇವೆ. ದಿನಕ್ಕೊಂದು ಅಂದರೂ ಎರಡೂವರೆ ವರ್ಷ ದಾಟುತ್ತದೆ. ಅದನ್ನು ಒಂದೇ ವಾರದಲ್ಲಿ ಮುಗಿಸಿದೆ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಮುಗಿಸಿ ಏನು ಮಾಡಿದಿರಿ ಸ್ವಾಮಿ? ಪ್ರಾರ್ಥನೆಯ ಪುಸ್ತಕ, ವಚನ, ಕಗ್ಗ ಇವನ್ನೆಲ್ಲ ಅಡಿಕೆ ಹೋಳಿನ ಹಾಗೆ ದವಡೆಯಲ್ಲಿಟ್ಟುಕೊಂಡು ಇಡೀ ದಿನ ರಸ ಬಿಡಿಸಬೇಕು. ಬೆಳಿಗ್ಗೆ ಕಾಫಿ ಆದ ಮೇಲೆ ನಾಲ್ಕು ಸಾಲು. ಜಾಸ್ತಿ ಬೇಡ. ಪತ್ತೇದಾರಿ ರಾತ್ರಿಗೆ ಇರಲಿ, ಅದನ್ನು ಓಡಿಸಿಕೊಂಡೇ ಓದಬೇಕು. ನಿಲ್ಲಿಸಿ ನಿಲ್ಲಿಸಿ ಓದಿದರೆ ಸುಳಿವು ಮರೆತುಹೋಗುತ್ತದೆ. ಮಲೆನಾಡಿನ ಕಡೆಯವರಿಗೆ ಆಷಾಢದ ಮಳೆಯಲ್ಲಿ ಕರೆಂಟು ಹೋದ ರಾತ್ರಿಗಳಿವೆ, ಹಾಸನದವರಿಗೆ ಹಾಸನಾಂಬೆಯ ದರ್ಶನದ ಸಾಲಿದೆ. ಆ ಸಾಲಿನಲ್ಲಿ ನಿಂತು ಕೊಲೆ ಕತೆ ಓದಿದರೆ ತಾಯಿ ಏನೂ ಅಂದುಕೊಳ್ಳುವುದಿಲ್ಲ. ಪಕ್ಕದವರ ಜೊತೆ ಜಗಳ ಆಡುವುದಕ್ಕಿಂತ ವಾಸಿ ಅಲ್ವಾ?

ಆರಿಸುವಾಗ ಒಂದೆರಡು ವಿಷಯ ನೋಡಿಕೊಳ್ಳಿ. ಸ್ತೋತ್ರದ ಪುಸ್ತಕ ಕೊಳ್ಳುವಾಗ ಅಕ್ಷರದ ಗಾತ್ರ ನೋಡಿ, ಉದ್ದನೆಯ ಪದಗಳನ್ನು ಬಿಡಿಸಿ ಅಚ್ಚು ಹಾಕಿದ್ದಾರಾ ನೋಡಿ, ಅರ್ಥ ಶ್ಲೋಕದ ಕೆಳಗೇ ಇದೆಯಾ ನೋಡಿ. ಅರ್ಥವನ್ನೆಲ್ಲ ಪುಸ್ತಕದ ಕೊನೆಗೆ ಹಾಕಿದ್ದರೆ ಯಾರೂ ಹಾಳೆ ತಿರುಗಿಸಿ ನೋಡುವುದಿಲ್ಲ, ನೀವೂ ನೋಡುವುದಿಲ್ಲ. ಕಗ್ಗಕ್ಕೆ ತಾತ್ಪರ್ಯ ಇರುವ ಪ್ರತಿ ಒಳ್ಳೆಯದು, ಆದರೆ ಮೊದಲು ಪದ್ಯವನ್ನು ನೀವೇ ಓದಿ ತಿಣುಕಿ, ಆಮೇಲೆ ತಾತ್ಪರ್ಯ. ‘ಆತ್ಮೋನ್ನತಿ’ ಅಂತ ಹೆಸರಿಟ್ಟು ಬರುವ ಹೊಸ ಪುಸ್ತಕಗಳ ಬಗ್ಗೆ ಮಾತ್ರ ಹುಷಾರು. ಅಂಗಡಿಯಲ್ಲೇ ನಿಂತು ನಡುವಿನ ಒಂದು ಪುಟ ತೆರೆಯಿರಿ. ಮೊದಲ ಪುಟ ಬೇಡ, ಅದನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ನಡುವಿನ ಪುಟದಲ್ಲಿ ಧ್ಯಾನ ಮಾಡಿದರೆ ದುಡ್ಡು ಬರುತ್ತೆ, ಇಷ್ಟು ದಿನದಲ್ಲಿ ಬಡ್ತಿ ಸಿಗುತ್ತೆ ಅಂತ ಇದ್ದರೆ ಅಲ್ಲೇ ಮುಚ್ಚಿಡಿ. ಮನಸ್ಸು ಕೆಡಿಸುವ ಪುಸ್ತಕ ಬೇಕೇಬೇಕು ಅಂದರೆ ಅದು ಅದು, ಪತ್ತೇದಾರಿ ಅಲ್ಲ.

ಪತ್ತೇದಾರಿಯಲ್ಲೂ ರಕ್ತ ಹರಿಸುವುದೇ ಕಸುಬಾದ ಪುಸ್ತಕಗಳಿವೆ, ನಿಮಗೆ ಅವು ಬೇಡ. ಒಂದು ಊರು, ಒಂದು ಮನೆ, ಅನುಮಾನಕ್ಕೆ ಐದಾರು ಜನ, ಇಷ್ಟಿದ್ದರೆ ಸಾಕು. ಓದುವ ಅಭ್ಯಾಸ ತಪ್ಪಿ ಬಹಳ ದಿನ ಆಗಿದ್ದರೆ ಕಾದಂಬರಿಗಿಂತ ಮೊದಲು ಪತ್ತೇದಾರಿ ಸಣ್ಣಕತೆ ಹಿಡಿಯಿರಿ. ಒಂದು ಸಲ ಕೂತರೆ ಏಳುವಷ್ಟರಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ, ನಿಮಗೂ ಧೈರ್ಯ ಬರುತ್ತದೆ.

ಇಷ್ಟು ಕೇಳಿದ ಅರಸೀಕೆರೆಯವರು ಒಂದು ಮಾತ್ರ ಕೇಳಲಿಲ್ಲ. ಇಷ್ಟೆಲ್ಲ ಪುಸ್ತಕಕ್ಕೆ ದುಡ್ಡು ಎಲ್ಲಿಂದ? ಪಿಂಚಣಿಯಲ್ಲಿ ಪುಸ್ತಕ ಕೊಳ್ಳಲು ಆಗುತ್ತಾ? ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ. ಮನೆ ಕಂದಾಯ ಕಟ್ಟಿದ ರಸೀತಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಕಂದಾಯದ ರೂಪಾಯಿಗೆ 6 ಪೈಸೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಈ ಕರ ಇದೆ. ಅಂದರೆ ನಿಮ್ಮೂರ ಲೈಬ್ರರಿಯ ಪುಸ್ತಕಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಕೊಟ್ಟ ಮೇಲೆ ಪೇಪರ್ ಓದಲು ಮಾತ್ರ ಯಾಕೆ ಹೋಗುತ್ತೀರಿ? ಒಂದಿಷ್ಟು ಠೇವಣಿ ಕಟ್ಟಿ ಸದಸ್ಯರಾಗಿ, ಮನೆಗೇ ತನ್ನಿ.

ಎಸ್. ಆರ್. ರಂಗನಾಥನ್ ಅಂತ ದೊಡ್ಡವರು, ನಮ್ಮ ದೇಶದ ಲೈಬ್ರರಿಗಳಿಗೆ ದಾರಿ ಹಾಕಿಕೊಟ್ಟವರು, 1931ರಲ್ಲಿ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಇದೆ, ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಅಂತ ಅದರಲ್ಲಿ ಎರಡು. ದೇವರ ಪುಸ್ತಕದ ಓದುಗನೇ ಬೇರೆ, ಪತ್ತೇದಾರಿಯ ಓದುಗನೇ ಬೇರೆ ಅಂತ ಅವರು ಎಲ್ಲೂ ಹೇಳಲಿಲ್ಲ. ಕಪಾಟು ಬೇರೆ ಬೇರೆ, ಅಷ್ಟೇ. ಎರಡು ಕಪಾಟಿಗೂ ಹೋಗಿ, ಒಂದೊಂದು ಪುಸ್ತಕ ತೆಗೆದು, ಒಟ್ಟಿಗೇ ಮೇಜಿನ ಮೇಲಿಡಿ. ಸಿಬ್ಬಂದಿ ಹುಬ್ಬು ಹಾರಿಸಿದರೆ ಹಾರಿಸಲಿ.

ಒಂದು ಎಚ್ಚರಿಕೆ. ಲೈಬ್ರರಿಯ ಪತ್ತೇದಾರಿ ಪುಸ್ತಕ ತರುವ ಮೊದಲು ಕೊನೆಯ ಹಾಳೆ ಇದೆಯಾ ಅಂತ ನೋಡಿಕೊಳ್ಳಿ. ಹಳೆಯ ಪ್ರತಿಗಳಲ್ಲಿ ಮೊದಲು ಕಿತ್ತುಹೋಗುವುದೇ ಅದು. ಮತ್ತೆ ಎರಡನೇ ಪುಟದಲ್ಲೇ ‘ಕೊಂದಿದ್ದು ಡಾಕ್ಟ್ರು’ ಅಂತ ಪೆನ್ಸಿಲ್‌ನಲ್ಲಿ ಬರೆದಿಡುವ ಪುಣ್ಯಾತ್ಮರೂ ಇದ್ದಾರೆ. ಅದಕ್ಕೆ ಒಂದು ರಬ್ಬರ್ ಜೇಬಿನಲ್ಲಿರಲಿ. ಕಣ್ಣು ಮುಚ್ಚಿಕೊಂಡು ಅಳಿಸುವುದು ಕಷ್ಟ, ಮನೆಯವರ ಕೈಲಿ ಅಳಿಸಿ.